ಆಶ್ರಯ ಕೊಟ್ಟವರ ಋಣವನ್ನು ಹೇಗೆ ತೀರಿಸಬೇಕು?

ಪ್ರಶ್ನೆ – ಜೋಡುಪಾಲದವರು

2018ರ ಆಗಸ್ಟ್ 17ರಂದು ಕೊಡಗಿನ ಜೋಡುಪಾಲದಲ್ಲಿ ಗುಡ್ಡದ ಬರೆ ಜರಿದಾಗ ನಾವು ಉಟ್ಟ ಬಟ್ಟೆಯಲ್ಲೇ ಸಂಪಾಜೆಯ ಕಡೆಗೆ ಇಳಿದು ಬಂದೆವು. ನನ್ನ ಪತ್ನಿ ಆಗ 22 ದಿನದ ಬಾಣಂತಿ. ಅರಂತೋಡಿನ ಪರಿಹಾರ ಕೇಂದ್ರದಲ್ಲಿ ಊಟಕ್ಕೂ ಹೊದಿಕೆಗೂ ಕೊರತೆಯಿರಲಿಲ್ಲವಾದರೂ ಅಷ್ಟು ಜನರ ನಡುವೆ ಹಸುಗೂಸಿಗೆ ಬೆಚ್ಚಗಿನ ಮೂಲೆಯೊಂದು ಸಿಗುವಂತಿರಲಿಲ್ಲ. ಮರುದಿನ ಅಕ್ಕಿ ಕೊಡಲು ಬಂದಿದ್ದ, ನಮಗೆ ಯಾವ ಪರಿಚಯವೂ ಇಲ್ಲದ ಬ್ಯಾರಿ ಮುಸ್ಲಿಂ ಮಹಿಳೆಯೊಬ್ಬರು ಮಗುವನ್ನು ನೋಡಿದವರೇ, "ಬಾಣಂತಿಯನ್ನು ಇಲ್ಲಿ ಮಲಗಿಸುವುದುಂಟಾ? ನಮ್ಮ ಮನೆಗೆ ಬನ್ನಿ" ಎಂದು ಕರೆದೊಯ್ದರು.

40 ದಿನ ಅವರ ಮನೆಯಲ್ಲಿದ್ದೆವು. ಬೆಳಕು ಹರಿಯುವ ಮೊದಲೇ ಅವರು ಹಂಡೆಗೆ ಬೆಂಕಿ ಹಾಕುತ್ತಿದ್ದರು. ನೆನೆದು ಮುದ್ದೆಯಾಗಿದ್ದ ನಮ್ಮ ಜಮೀನಿನ ಆರ್‌ಟಿಸಿ, ಪಡಿತರ ಚೀಟಿಗಳನ್ನು ಬೆರಳ ತುದಿಯಲ್ಲಿ ಒಂದೊಂದಾಗಿ ಬಿಡಿಸಿ, ಗೆರಸೆಯಲ್ಲಿ ಹರಡಿ, ಬಚ್ಚಲೊಲೆಯ ಕಾವಿನಲ್ಲಿ ಒಣಗಿಸಿಕೊಟ್ಟರು. ಮುಂದೆ ಪರಿಹಾರದ ಅರ್ಜಿಗೆ ಆಧಾರವಾದದ್ದು ಅವೇ ಕಾಗದಗಳು. ಆಗಸ್ಟ್ 22ರ ಬಕ್ರೀದ್‌ಗೆ ತಮ್ಮ ಮಕ್ಕಳ ಜೊತೆಗೆ ನಮ್ಮ ಮಗುವಿಗೂ ಹೊಸ ಬಟ್ಟೆ ತಂದಿದ್ದರು. ಹೊರಡುವಾಗ ಟಿಫಿನ್ ಕ್ಯಾರಿಯರ್ ತುಂಬ ಬುತ್ತಿ ಕಟ್ಟಿಕೊಟ್ಟರು.

2020ರಲ್ಲಿ ಮದೆನಾಡಿನಲ್ಲಿ ನಮಗೆ ಸರ್ಕಾರದ ಮನೆ ದೊರೆಯಿತು. ಅನಂತರ ಎರಡು ಬಾರಿ ಹಣ ಕೊಡಲು ಹೋದೆ. ಎರಡನೆಯ ಬಾರಿ ಅವರ ಕಣ್ಣು ತುಂಬಿ, "ನಾನು ನಿಮ್ಮನ್ನು ಬಾಡಿಗೆಗೆ ಇಟ್ಟುಕೊಂಡಿದ್ದೆನಾ?" ಎಂದರು. ಅಂದಿನಿಂದ ಸಂಕೋಚದಿಂದ ಆ ಕಡೆ ಹೋಗಿಲ್ಲ. ಅವರ ಮನಸ್ಸು ನೋಯದಂತೆ ನಾವೇನು ಮಾಡಬಹುದು?

ಉತ್ತರ – ಕೊಣ್ಣೂರಿನವರು

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ನಮ್ಮೂರಿಗೆ ನೀರು ನುಗ್ಗಿದಾಗ, ನಮ್ಮ ಮನೆ ಎತ್ತರದಲ್ಲಿದ್ದ ಕಾರಣ, ಎರಡು ಕುಟುಂಬಗಳು ಕೆಲವು ದಿನ ನಮ್ಮ ಪಡಸಾಲೆಯಲ್ಲಿದ್ದವು. ಒಬ್ಬರು ಇಂದಿಗೂ ಜಾತ್ರೆಗೆ ಬಂದು ನಮ್ಮಲ್ಲೇ ರೊಟ್ಟಿ ತಿಂದು ಹೋಗುತ್ತಾರೆ. ಇನ್ನೊಬ್ಬರು ಒಮ್ಮೆ ಹಣ್ಣು, ಸೀರೆ ಕೊಟ್ಟು ಹೋದವರು ಮತ್ತೆ ಬರಲಿಲ್ಲ. ನಮ್ಮಿಂದ ಏನು ತಪ್ಪಾಯಿತೋ ಎಂದು ನನ್ನ ತಾಯಿ ಈಗಲೂ ಕೇಳುತ್ತಾರೆ. ತಾವು ಹೋಗದೆ ಇರುವುದೇ ತಮಗೆ ಆಶ್ರಯ ಕೊಟ್ಟ ಆ ತಾಯಿಗೆ ಹೆಚ್ಚು ನೋವು ತಂದಿರಬಹುದು.

ಉತ್ತರ – ಸುಳ್ಯದ ಶಿಕ್ಷಕಿ

ಮೇಲಿನ ಮಾತು ನಿಜ. ಆ ದಿನಗಳಲ್ಲಿ ಕಲ್ಲುಗುಂಡಿಯ ಕೇಂದ್ರದಲ್ಲಿ ಬಡಿಸಲು ನಿಂತವಳು ನಾನು. ಸನ್ಮಾನ, ಶಾಲು, ಪತ್ರಿಕೆಯಲ್ಲಿ ಫೋಟೊ ಇವು ಯಾವುವೂ ಬೇಡ. ಅವರು ಮಗುವಿನ ಮುಖ ನೋಡಿ ಮಾಡಿದ ಕೆಲಸವನ್ನು ಊರಿಗೆಲ್ಲ ತೋರಿಸಿದರೆ ಅವರಿಗೆ ಮುಜುಗರವಾದೀತು. ಅವರ ಮನೆಯಲ್ಲಿ ಮದುವೆಯೋ ಅಡಿಕೆ ಕೊಯ್ಲೋ ಬಂದರೆ, ಕರೆಯುವವರೆಗೆ ಕಾಯದೆ ಹಿಂದಿನ ದಿನವೇ ಹೋಗಿ ಕೆಲಸಕ್ಕೆ ನಿಲ್ಲಿ. ಇನ್ನೊಂದು ಮಾತು, ಆ ಕ್ಯಾರಿಯರ್ ಇನ್ನೂ ತಮ್ಮಲ್ಲೇ ಇದೆಯೇ? ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವ ರೂಢಿ ನಮ್ಮ ಕಡೆ ಯಾರ ಮನೆಯಲ್ಲಿಯೂ ಇಲ್ಲ.

ಪ್ರಶ್ನೆ ಕೇಳಿದವರು

ಇದೆ. ಪತ್ನಿ ಅದನ್ನು ಅಟ್ಟದಿಂದ ಇಳಿಸಿ ತೊಳೆದಿಟ್ಟಿದ್ದಾಳೆ. ಹಳೆಯ ಜಾಗದಲ್ಲಿ ಮಣ್ಣಿನಡಿ ಹೋಗದೆ ಉಳಿದ ಕೆಲವು ಬಳ್ಳಿಗಳ ಕರಿಮೆಣಸನ್ನು ಒಂದು ತಟ್ಟೆಯಲ್ಲಿ ತುಂಬುತ್ತೇವೆ; ಉಳಿದವುಗಳಲ್ಲಿ ಏನಿರಬೇಕೆಂದು ಅವಳೇ ತೀರ್ಮಾನಿಸಲಿ. ಭಾನುವಾರ ಹೊರಡುತ್ತೇವೆ. ಮಗಳು ಈಗ ಶಾಲೆಗೆ ಹೋಗುವಷ್ಟು ದೊಡ್ಡವಳು, ಕ್ಯಾರಿಯರನ್ನು ತಾನೇ ಹಿಡಿದುಕೊಳ್ಳುತ್ತೇನೆ ಎನ್ನುತ್ತಿದ್ದಾಳೆ.