ಅಪ್‌ಡೇಟ್: ಗಂಟಲಲ್ಲಿ ಅಗುಳು ಸಿಕ್ಕಿಕೊಂಡ ಹಾಗಿದೆ ಅಂತ ಕೇಳಿದ್ದೆನಲ್ಲ

5 ವಾರದಿಂದ ಗಂಟಲಲ್ಲಿ ಅನ್ನದ ಅಗುಳು ಕೂತ ಹಾಗಿದೆ, ಎಷ್ಟು ಕ್ಯಾಕರಿಸಿದರೂ ಹೋಗ್ತಿಲ್ಲ ಅಂತ ಕೇಳಿದ್ದೆ. ಅದರ ಮುಂದಿನ ಕಥೆ ಇದು.

ಉಪ್ಪುನೀರು ಮುಕ್ಕಳಿಸಿದರೆ ಅರ್ಧ ಗಂಟೆ ಹಿತ, ಅಷ್ಟೇ. ಕಾಳುಮೆಣಸಿನ ಕಷಾಯದಿಂದ ನನಗೆ ಉರಿ ಜಾಸ್ತಿಯೇ ಆಯಿತು. "ಮನೆಮದ್ದು ಸಾಕು, ಇಎನ್‌ಟಿ ಡಾಕ್ಟರಿಗೆ ತೋರಿಸಿ" ಅಂದವರ ಮಾತೇ ಕೈಹಿಡಿಯಿತು. ಮೂಗಿನೊಳಗಿಂದ ಸಣ್ಣ ಕ್ಯಾಮೆರಾ ಕೊಳವೆ ಬಿಟ್ಟು ನೋಡಿದರು. ಕಣ್ಣಲ್ಲಿ ನೀರು ಬಂತು, ನೋವೇನಿಲ್ಲ. ಗಡ್ಡೆ ಗಿಡ್ಡೆ ಇಲ್ಲ. ಹೊಟ್ಟೆಯ ಆಸಿಡ್ ಮೇಲಕ್ಕೆ ಬಂದು ಗಂಟಲು ಕೆಂಪಾಗಿದೆ ಅಂದರು. ನನಗೆ ಎದೆಯುರಿಯೇ ಇರಲಿಲ್ಲ! ಅದಿಲ್ಲದೆಯೂ ಹೀಗಾಗುತ್ತಂತೆ.

ತಿಂಡಿಗೆ ಅರ್ಧ ಗಂಟೆ ಮೊದಲು ಮಾತ್ರೆ. ರಾತ್ರಿ ಊಟ 8ಕ್ಕೆ, ಮಲಗೋದು 11ಕ್ಕೆ. ಮಂಚದ ತಲೆಕಡೆಯ ಕಾಲುಗಳ ಕೆಳಗೆ ಇಟ್ಟಿಗೆ. ಸಂಜೆ ಕಾಫಿ ಬಿಟ್ಟಿದ್ದೇ ದೊಡ್ಡ ಕಷ್ಟ. ಪದೇ ಪದೇ ಕ್ಯಾಕರಿಸಿದರೂ ಗಂಟಲು ಕೆರಳುತ್ತಂತೆ, ಈಗ ಅದರ ಬದಲು ಒಂದು ಗುಟುಕು ನೀರು. 12 ದಿನಕ್ಕೆ ಮುಕ್ಕಾಲು ಪಾಲು ಕಡಿಮೆಯಾಗಿದೆ.

ದನಿ ಒಡೆದು 3 ವಾರ ದಾಟಿದರೆ, ನುಂಗಲು ಕಷ್ಟವಾದರೆ, ಕತ್ತಲ್ಲಿ ಗಂಟು, ಉಗುಳಲ್ಲಿ ರಕ್ತ ಕಂಡರೆ, ಸುಮ್ನೆ ತೂಕ ಇಳಿದರೆ ಕಾಯಬಾರದಂತೆ. ಉಸಿರಾಟಕ್ಕೇ ತೊಂದರೆಯಾದರೆ ಆ ಕ್ಷಣವೇ ಆಸ್ಪತ್ರೆಗೆ ಓಡಿ ಅಂದರು ಡಾಕ್ಟರು.