ಟೂರಿಸಂ ಓದಿದ್ರೆ ನಿಜವಾಗ್ಲೂ ಕೆಲಸ ಸಿಗುತ್ತಾ? ತಂಗಿ ವಿಷಯ, ಗೊತ್ತಿರೋರು ಹೇಳಿ

ಹೊಸಪೇಟೆ_ಅಣ್ಣ:
ನಮಸ್ಕಾರ ಎಲ್ರಿಗೂ. ತಂಗಿದು ಸೆಕೆಂಡ್ ಪಿಯುಸಿ ಆರ್ಟ್ಸ್ ಮುಗೀತು. ಟೂರಿಸಂ ಡಿಗ್ರಿನೇ ಬೇಕು ಅಂತ ಹಠ ಹಿಡಿದು ಕೂತಿದಾಳೆ, ಅಪ್ಪ ಬಿಎ ಮಾಡಿ ಬಿಎಡ್ ಮಾಡ್ಲಿ ಅಂತಾರೆ. ಹಂಪಿ ಪಕ್ಕದಲ್ಲೇ ಇದೆ, ವರ್ಷವಿಡೀ ಜನ ಬರ್ತಾರೆ, ಕೆಲಸ ಇರಲ್ವಾ ಅನ್ನೋದು ಅವಳ ವಾದ. ಆದ್ರೆ ಇಲ್ಲಿ ಎರಡು ಮೂರು ರೆಸಾರ್ಟಲ್ಲಿ ವಿಚಾರಿಸಿದೆ, ಡಿಗ್ರಿ ಬಗ್ಗೆ ಯಾರೂ ಬಾಯೇ ಬಿಡ್ಲಿಲ್ಲ, ಇಂಗ್ಲಿಷ್ ಬರುತ್ತಾ, ನೈಟ್ ಶಿಫ್ಟ್ ಮಾಡ್ತಾಳಾ ಅಷ್ಟೇ ಕೇಳಿದ್ದು. ಹಂಗಾದ್ರೆ ಮೂರು ವರ್ಷ ಯಾಕೆ ಓದ್ಬೇಕು?

ಫ್ರಂಟ್‌ಆಫೀಸ್_ಮೈಸೂರು:
ಮೊದ್ಲು ಟೂರಿಸಂ ಬೇರೆ, ಹೋಟೆಲ್ ಮ್ಯಾನೇಜ್‌ಮೆಂಟ್ ಬೇರೆ ಅಂತ ತಂಗಿಗೆ ತಿಳಿಸಿ ಸರ್, ತುಂಬಾ ಜನ ಎರಡೂ ಒಂದೇ ಅನ್ಕೊಂಡು ಸೇರ್ತಾರೆ. ಹೋಟೆಲ್ ಲೈನ್ ಆದ್ರೆ ಬೆಂಗಳೂರಲ್ಲಿ ಐಎಚ್‌ಎಂ ಅಂತ ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜಿದೆ, ಅದಕ್ಕೆ ಎನ್‌ಸಿಎಚ್‌ಎಂ ಜೆಇಇ ಅನ್ನೋ ಎಂಟ್ರೆನ್ಸ್ ಬರೀಬೇಕು, ಆರ್ಟ್ಸ್ ಆದ್ರೂ ನಡೆಯುತ್ತೆ, ಪಿಯುಸಿಲಿ ಇಂಗ್ಲಿಷ್ ಪಾಸಾಗಿರ್ಬೇಕು. ಅಲ್ಲಿ ಒಂದಿಷ್ಟು ತಿಂಗಳು ನೇರ ಹೋಟೆಲಿಗೇ ಟ್ರೈನಿಂಗಿಗೆ ಹಾಕ್ತಾರೆ, ಕಿಚನ್, ಸರ್ವಿಸ್, ಹೌಸ್‌ಕೀಪಿಂಗ್, ಫ್ರಂಟ್ ಆಫೀಸ್ ನಾಲ್ಕೂ ಮಾಡ್ಲೇಬೇಕು. ಬೆಡ್‌ಶೀಟಿನ ಮೂಲೆ ಮಡಚೋದು ಸರಿ ಬರೋ ತನಕ ಸೂಪರ್‌ವೈಸರ್ ಬಿಚ್ಚಿ ಮತ್ತೆ ಹಾಕಿಸ್ತಾರೆ, ಅರ್ಧ ಜನಕ್ಕೆ ಅಲ್ಲೇ ಈ ಲೈನ್ ನಮಗಲ್ಲ ಅಂತ ಗೊತ್ತಾಗೋದು.

ಡಿಗ್ರಿ ಯಾರೂ ಕೇಳಲ್ಲ ಅಂದ್ರಲ್ಲ, ಸೇರುವಾಗ ನಿಜ. ನಮ್ಮ ಡೆಸ್ಕಲ್ಲಿ ಡಿಗ್ರಿಯವರು, ಪಿಯುಸಿಯವರು ಒಂದೇ ಕಡೆ ನಿಲ್ತಾರೆ, ಸಂಬಳದಲ್ಲೂ ಹೇಳ್ಕೊಳ್ಳೋ ವ್ಯತ್ಯಾಸ ಇರಲ್ಲ. ಮುಂದೆ ಸೂಪರ್‌ವೈಸರ್, ಡ್ಯೂಟಿ ಮ್ಯಾನೇಜರ್ ಆಗೋ ಟೈಮಲ್ಲಿ ದೊಡ್ಡ ಚೈನ್ ಹೋಟೆಲ್‌ನವರು ಡಿಗ್ರಿ ಸರ್ಟಿಫಿಕೇಟ್ ಕೇಳ್ತಾರೆ ನೋಡಿ. ಇನ್ನೊಂದು, ಎಲ್ಲ ಕಾಲೇಜೂ ಒಂದೇ ಅಲ್ಲ, ಕೆಲವರು ಟ್ರೈನಿಂಗ್ ಹೆಸರಲ್ಲಿ ಮದುವೆ ಹಾಲಿಗೆ ಕಳಿಸಿ ಪ್ಲೇಟ್ ಎತ್ತಿಸ್ತಾರೆ, ಫೀಸೂ ತಗೊಂಡು!!

ಕಲ್ಲಿನರಥ_ಗೈಡ್:
ವರ್ಷವಿಡೀ ಜನ ಅಂದವರ್ಯಾರ್ರಿ? ಅಕ್ಟೋಬರದಿಂದ ಫೆಬ್ರುವರಿ ತನಕ ಊಟಕ್ಕ ಪುರಸೊತ್ತಿರಂಗಿಲ್ಲ, ಏಪ್ರಿಲ್ ಬಂತಂದ್ರ ಕಲ್ಲು ಕಾಯ್ತಾವು, ನಾವು ನೆಳ್ಳಾಗ ಕುಂತು ನೊಣ ಹೊಡೀತೀವಿ. ಕೊರೋನಾದಾಗ ಪೂರಾ ಬಂದ್. ಅದೇ 2020ರಾಗ ಕೋರ್ಟ್ ಆರ್ಡರ್ ಮ್ಯಾಲೆ ಹೊಳಿ ಆಚಿ ವಿರುಪಾಪುರ ಗಡ್ಡಿ ರೆಸಾರ್ಟ್ ಎಲ್ಲಾ ಕೆಡವಿದ್ರು, ಅಲ್ಲಿ ಕೆಲಸ ಮಾಡೋ ಹುಡುಗ್ರು ಎಷ್ಟೋ ಮಂದಿ ಊರೇ ಬಿಟ್ರು. ಯಾವ ಸರ್ಟಿಫಿಕೇಟ್ ಇದ್ರೂ ಇದಕ್ಕ ಏನ್ ಮಾಡ್ತೀರಿ.

ಗೈಡ್ ಆಗಬೇಕಂದ್ರ ಪ್ರವಾಸೋದ್ಯಮ ಇಲಾಖೆಯವ್ರು ಟ್ರೈನಿಂಗ್ ಕೊಟ್ಟು ಕಾರ್ಡ್ ಕೊಡ್ತಾರ, ಅದು ಬೇಕು. ಇತಿಹಾಸ ಓದಿದ್ದು ಉಪಯೋಗ ಆಗ್ತೈತಿ, ಇಲ್ಲಂತಲ್ಲ. ಆದ್ರ ವಿಜಯ ವಿಠ್ಠಲ ಗುಡಿಗೆ ಬಂದವ್ರು ಮೊದಲು ಕಲ್ಲಿನ ರಥದ ಚಿತ್ರ ಇರೋ 50 ರೂಪಾಯಿ ನೋಟು ತೆಗೆದು ಆ ರಥದ ಮುಂದ ಹಿಡಿದು ಫೋಟೋ ಹೊಡೀರಿ ಅಂತಾರ, ಆಮೇಲೆ ಸಂಗೀತದ ಕಂಬ ಬಡಿಯಾಕ ಯಾಕ ಬಿಡಂಗಿಲ್ಲ ಅಂತ ಜಗಳ ತೆಗೀತಾರ. ನಕ್ಕೊಂತ ಅವ್ರನ್ನ ಸಂಭಾಳಿಸಬೇಕು, ಅದನ್ನ ಯಾವ ಕ್ಲಾಸಿನ್ಯಾಗ ಕಲಿಸ್ತಾರ? ಇಂಗ್ಲಿಷ್ ಜೊತಿ ಫ್ರೆಂಚೋ ಜರ್ಮನ್ನೋ ಒಂದು ಬಂದ್ರ ಮಾತ್ರ ರೊಕ್ಕ ಐತಿ.

ಟಿಕೆಟಿಂಗ್_ಬೆಂಗ್ಳೂರು:
ಟ್ರಾವೆಲ್ ಏಜೆನ್ಸಿ ಕಡೆ ಬರೋದಾದ್ರೆ ಅಮಾಡಿಯಸ್, ಗೆಲಿಲಿಯೋ ಇಂಥ ಬುಕಿಂಗ್ ಸಾಫ್ಟ್‌ವೇರ್ ಕಲಿಸ್ತಾರಾ ಅಂತ ಕಾಲೇಜಲ್ಲಿ ಕೇಳಿ. ಪುಸ್ತಕದಲ್ಲಿ ಹೆಸರು ಮಾತ್ರ ಇದ್ರೆ ವೇಸ್ಟು, ಲ್ಯಾಬಲ್ಲಿ ಕೂರಿಸಿ ಕೈಯಲ್ಲಿ ಮಾಡಿಸ್ಬೇಕು. ಸುಮ್ನೆ ವಿಮಾನ ಟಿಕೆಟ್ ಈಗ ಎಲ್ರೂ ಮೊಬೈಲಲ್ಲೇ ತಗೋತಾರೆ, ಉಳಿದಿರೋದು ಕಾರ್ಪೊರೇಟ್, ವೀಸಾ, ಗ್ರೂಪ್ ಟೂರ್.

ಹೊಸಪೇಟೆ_ಅಣ್ಣ:
ಥ್ಯಾಂಕ್ಸ್ ಎಲ್ರಿಗೂ, ಅವಳಿಗೇ ಓದಿಸಿದೆ, ಬೆಡ್‌ಶೀಟ್ ವಿಷಯಕ್ಕೆ ನಕ್ಕಳು, ಕಂಬದ ವಿಷಯಕ್ಕೆ ಕಣ್ಣು ಅರಳ್ತು, ಗೈಡೇ ಆಗ್ತಾಳಂತೆ 😄 ಗೈಡ್ ಸರ್, ಒಂದೆರಡು ದಿನ ನಿಮ್ಮ ಜೊತೆ ಓಡಾಡಿ ನೋಡ್ಬಹುದಾ?

ಕಲ್ಲಿನರಥ_ಗೈಡ್:
ಧಾರಾಳ ಬರ್ಲಿ. ಸೀಸನ್ನಿನ್ಯಾಗ ಬ್ಯಾಡ, ಈಗ ಬಿಸಲಾಗ ಬರ್ಲಿ. ಟೊಪ್ಪಿಗಿ, ನೀರಿನ ಬಾಟ್ಲಿ ತರಾಕ ಹೇಳ್ರಿ.