ತೊಗರಿ ಹೊಲದ ಒಡ್ಡಿನ ಮೇಲೆ ಮೊನಾರ್ಕ್ ಚಿಟ್ಟೆ?

ಚಿತ್ತಾಪುರದ ಹುಡುಗ:
ನಮ್ಮ ಹೊಲದ ಒಡ್ಡಿನ ಮೇಲೆ ಎಕ್ಕೆ ಗಿಡ ಜಾಸ್ತಿ. ಈಗ ಅಲ್ಲಿ ತುಂಬಾ ಕಿತ್ತಳೆ ಚಿಟ್ಟೆಗಳು ಹಾರುತ್ತಿವೆ, ರೆಕ್ಕೆ ತುದಿ ಕಪ್ಪು, ಅದರಲ್ಲಿ ಬಿಳಿ ಪಟ್ಟಿ. ಎಲೆ ಮೇಲೆ ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳುಗಳೂ ಇವೆ. ಫೋನಿನಲ್ಲಿ ಹುಡುಕಿದರೆ ಮೊನಾರ್ಕ್ ಅಂತ ಬರುತ್ತೆ. ಅದು ಅಮೆರಿಕದ್ದು ಅಲ್ವಾ? ನಮ್ಮ ಕಾಕಾ ಬೇರೆ ಈ ಹುಳು ತೊಗರಿಗೆ ಇಳಿಯುತ್ತೆ, ಈಗಲೇ ಎಣ್ಣೆ ಹೊಡೆಯೋಣ ಅಂತಿದ್ದಾರೆ.

ಬಿಸಿಲುಕುದುರೆ:
ಮೊನಾರ್ಕ್ ಅಲ್ಲ ತಮ್ಮಾ, ಪ್ಲೇನ್ ಟೈಗರ್. ಎರಡೂ ಒಂದೇ ಕುಲದವು, ಅದಕ್ಕೇ ಫೋನು ತಡಬಡಾಯಿಸುತ್ತೆ. ಮೊನಾರ್ಕ್ ಅಮೆರಿಕದಿಂದ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ವರೆಗೂ ಹೋಗಿ ನೆಲೆಸಿದೆ, ಭಾರತದಲ್ಲಿ ಇಲ್ಲ. ಪ್ಲೇನ್ ಟೈಗರ್ ಇರುವುದು ಆಫ್ರಿಕಾ, ಮೆಡಿಟರೇನಿಯನ್ ದಂಡೆ, ಅರೇಬಿಯಾ, ಇಡೀ ಭಾರತ, ಮುಂದೆ ಆಗ್ನೇಯ ಏಷ್ಯಾದಲ್ಲಿ. ದಟ್ಟ ಕಾಡಿಗಿಂತ ಬಿಸಿಲಿನ ಬಯಲೇ ಇದಕ್ಕೆ ಇಷ್ಟ. ಎಕ್ಕೆ ಇದ್ದಲ್ಲಿ ಇದು ಇರುತ್ತೆ, ನಮ್ಮ ಕಲಬುರಗಿಯಲ್ಲಿ ಎಕ್ಕೆಗೆ ಬರವೇ?

ಗುರುತು ಹಿಡಿಯಬೇಕು ಅಂದರೆ ಹಿಂದಿನ ರೆಕ್ಕೆ ನೋಡು. ನಡುವೆ ಮೂರು ಕಪ್ಪು ಚುಕ್ಕೆ ಇರುತ್ತವೆ, ಗಂಡಿಗೆ ಇನ್ನೊಂದು ಜಾಸ್ತಿ. ನರಗಳ ಮೇಲೆಲ್ಲ ದಪ್ಪ ಕಪ್ಪು ಗೆರೆ ಇದ್ದರೆ ಅದು ಸ್ಟ್ರೈಪ್ಡ್ ಟೈಗರ್, ಅದೂ ನಮ್ಮ ದೇಶದ್ದೇ. ಹುಳುವಿಗೆ ಮೂರು ಜೊತೆ ಕಪ್ಪು ಕೋಡು ಇದ್ದರೆ ಅನುಮಾನವೇ ಬೇಡ, ಮೊನಾರ್ಕ್ ಹುಳುವಿಗೆ ಎರಡೇ ಜೊತೆ.

ಆಳಂದದ ರೈತ:
ಕಾಕಾಗೆ ಹೇಳ್ರಿ, ಸುಮ್ನೆ ಎಣ್ಣೆಗೆ ದುಡ್ಡು ಸುರಿಯಬೇಡಿ ಅಂತ. ಈ ಹುಳು ಎಕ್ಕೆಯಂಥ ಹಾಲು ಬರುವ ಗಿಡ ಬಿಟ್ಟು ತೊಗರಿಗೆ ಬಾಯಿ ಹಾಕಲ್ಲ. ಕಾಯಿಕೊರಕ ಹುಳು ಬೇರೆ, ಅದು ರಾತ್ರಿ ಹಾರುವ ಪತಂಗದ ಮರಿ. ಹೂ, ಕಾಯಿ ಹೊತ್ತಿನಲ್ಲಿ ಗಿಡದ ಕೆಳಗೆ ಬಟ್ಟೆ ಹಾಸಿ ಅಲ್ಲಾಡಿಸಿ, ಇದ್ದರೆ ಉದುರುತ್ತೆ. ಅದನ್ನು ನೋಡಿ ಆಮೇಲೆ ಎಣ್ಣೆ ಮಾತು.

ಚಿತ್ತಾಪುರದ ಹುಡುಗ:
ಸರಿ ಅಣ್ಣಾ, ಹೇಳ್ತೀನಿ. ಆದರೆ ಇವು ಇಷ್ಟು ನಿಧಾನಕ್ಕೆ ಹಾರುತ್ತವೆ, ಹಕ್ಕಿಗಳು ಯಾಕೆ ಮುಟ್ಟಲ್ಲ?

ಬಿಸಿಲುಕುದುರೆ:
ಎಕ್ಕೆ ಹಾಲಿನ ವಿಷ ಹುಳುವಿನ ಮೈ ಸೇರಿ ಚಿಟ್ಟೆಯಾದ ಮೇಲೂ ಉಳಿಯುತ್ತೆ. ಒಮ್ಮೆ ತಿಂದು ವಾಂತಿ ಮಾಡಿಕೊಂಡ ಹಕ್ಕಿ ಮತ್ತೆ ಆ ಬಣ್ಣದ ತಂಟೆಗೆ ಬರಲ್ಲ. ಇದರ ಲಾಭ ಪಡೆಯುವ ಇನ್ನೊಂದು ಚಿಟ್ಟೆ ಇದೆ, ಡನೈಡ್ ಎಗ್‌ಫ್ಲೈ. ಅದರ ಹೆಣ್ಣು ಥೇಟ್ ಪ್ಲೇನ್ ಟೈಗರ್ ವೇಷ. ಗಂಡು ಮಾತ್ರ ಕಪ್ಪಗೆ, ದೊಡ್ಡ ಬಿಳಿ ಚುಕ್ಕೆ, ಸುತ್ತ ನೇರಳೆ ಹೊಳಪು, ಜೋಡಿ ಅಂತ ಯಾರೂ ನಂಬಲ್ಲ! ಆ ಹೆಣ್ಣಿನ ಹಿಂದಿನ ರೆಕ್ಕೆಯಲ್ಲಿ ಅಂಚಿನ ಹತ್ತಿರ ಒಂದೇ ಕಪ್ಪು ಚುಕ್ಕೆ. ಅದರ ಹುಳುಗಳಿಗೆ ಎಕ್ಕೆ ಬೇಡ, ಗೋಳಿ ಪಲ್ಯ ಸಾಕು. ಒಡ್ಡಿನ ಮೇಲೆ ಎರಡೂ ಇರಬಹುದು, ಚುಕ್ಕೆ ಕಾಣುವ ಹಾಗೆ ಫೋಟೋ ತೆಗೆದು ಹಾಕು.